ಜಮೈಕಾಕ್ಕೆ ಹೊಂಟು ಕೋಸ್ಟಾ ಮಾಯಾದಾಗೆ ಇಳಿದಿದ್ದು

2025ರ ನವೆಂಬರ್ 1ನೇ ತಾರೀಖು, ಅಮೆರಿಕದ ಹ್ಯೂಸ್ಟನ್‌ನಾಗೆ ಮಗನ ಮನೆ, ಬೆಳಿಗ್ಗೆ ನಮ್ಮಾಕೆ ಮಂಡಕ್ಕಿ ಒಗ್ಗರಣೆ ಮಾಡಿದ್ದಳು, ಮಂಡಕ್ಕಿ ಬಳ್ಳಾರಿಯಿಂದಲೇ ಹೊತ್ಕೊಂಡು ಬಂದಿದ್ದು, ಅರ್ಧ ಸೂಟ್‌ಕೇಸ್ ಅದೇ ತುಂಬಿತ್ತು. ಒಂದು ತುತ್ತು ಬಾಯಿಗೆ ಹಾಕ್ಕೊಳ್ಳೋದ್ರಾಗೆ ಮಗ ಫೋನ್ ನೋಡ್ಕೋತ "ಅಪ್ಪಾ, ಜಮೈಕಾ ಕ್ಯಾನ್ಸಲ್" ಅಂದ.

9ನೇ ತಾರೀಖು ಭಾನುವಾರ ಗ್ಯಾಲ್ವೆಸ್ಟನ್ ಬಂದರಿನಿಂದ ಏಳು ರಾತ್ರಿಯ ಕ್ರೂಸ್ ಬುಕ್ ಆಗಿತ್ತು. ನಾನು ನಮ್ಮಾಕೆ, ಸಿಂಧನೂರಿನ ಬೀಗರು ಬೀಗತಿ, ಮಗ ಸೊಸೆ ಮೊಮ್ಮಗ, ಒಟ್ಟು ಏಳು ಜನ. ಜಮೈಕಾದ ಫಾಲ್ಮತ್, ಆಮೇಲೆ ಗ್ರ್ಯಾಂಡ್ ಕೇಮನ್, ಆಮೇಲೆ ಮೆಕ್ಸಿಕೋದ ಕೊಝುಮೆಲ್, ಮೂರು ಕಡೆ ನಿಲ್ಲೋದು. ಅದರಾಗೆ ಫಾಲ್ಮತ್ ತೆಗೆದು ಕೋಸ್ಟಾ ಮಾಯಾ ಅಂತ ಮೆಕ್ಸಿಕೋದ್ದೇ ಇನ್ನೊಂದು ಬಂದರು ಹಾಕಿವಿ, ಊರುಗಳ ಸರತಿನೂ ಬದಲಾಗೈತೆ ಅಂತ ಹಡಗು ಕಂಪನಿಯೋರ ಮೇಲ್. ಕಾರಣ ಗೊತ್ತಿದ್ದದ್ದೇ. ನಾಲ್ಕು ದಿನದ ಹಿಂದೆ, ಅಕ್ಟೋಬರ್ 28ಕ್ಕೆ, ಮೆಲಿಸ್ಸಾ ಅನ್ನೋ ಚಂಡಮಾರುತ ಜಮೈಕಾದ ನೈರುತ್ಯ ಮೂಲೆಗೆ ಬಂದು ಬಡಿದಿತ್ತು. ಗಂಟೆಗೆ ಹತ್ರ ಹತ್ರ 295 ಕಿಲೋಮೀಟರ್ ಗಾಳಿ, ಕ್ಯಾಟಗರಿ 5 ಅಂದ್ರೆ ಎಲ್ಲಕ್ಕಿಂತ ಮ್ಯಾಲಿನ ದರ್ಜೆ, ಆ ದ್ವೀಪಕ್ಕೆ ಇದುವರೆಗೂ ಅಷ್ಟು ಜೋರಿನದು ಬಂದಿರಲಿಲ್ಲ. ಟಿವಿಯಾಗೆ ಬ್ಲ್ಯಾಕ್ ರಿವರ್ ಅನ್ನೋ ಊರು ತೋರಿಸ್ತಿದ್ರು, ಮನೆ ಮ್ಯಾಲೆ ಸೂರು ಅನ್ನೋದೇ ಕಾಣ್ತಿರಲಿಲ್ಲ. ನೋಡಿ ಅಯ್ಯೋ ಪಾಪ ಅಂದಿದ್ವಿ, ಆದ್ರೆ ಖರೇ ಹೇಳ್ತೀನಿ, ನಮ್ಮ ಟಿಕೆಟ್ಟಿಗೂ ಅದಕ್ಕೂ ಸಂಬಂಧ ಐತೆ ಅಂತ ತಲೆಗೆ ಹೊಳೆದಿದ್ದು ಆ ಮೇಲ್ ಬಂದ ಮ್ಯಾಲೇ.

ಸಿಟ್ಟು ಬಂದಿದ್ದು ಬೀಗರಿಗೆ. ಯಾಕಂದ್ರೆ ಅವರು ಫಾಲ್ಮತ್ ಹತ್ರ ಮಾರ್ಥಾ ಬ್ರೇ ಅನ್ನೋ ಹೊಳೆಯಾಗೆ ಬಿದಿರಿನ ತೆಪ್ಪದಾಗೆ ಕೂರಬೇಕಂತ ಎರಡು ತಿಂಗಳಿಂದ ಕನಸು ಕಂಡಿದ್ರು. ಆನೆಗೊಂದಿ ಹರಿಗೋಲಿನಾಗೆ ಸಣ್ಣೋರಿದ್ದಾಗಿಂದ ಕೂತೋರು, ಈ ತೆಪ್ಪ ಹೆಂಗಿರ್ತೈತೆ ನೋಡೇ ಬಿಡಾನ ಅಂತ. ಹಡಗಿನೋರ ಕಡೆಯಿಂದ ಬುಕ್ ಮಾಡಿದ್ರೆ ರೊಕ್ಕ ತಾನಾಗೇ ವಾಪಸ್ ಬರ್ತಿತ್ತು, ಇವರು ಹತ್ತು ಡಾಲರ್ ಕಡಿಮೆ ಅಂತ ಬ್ಯಾರೆ ಯಾವುದೋ ವೆಬ್‌ಸೈಟಿನಾಗೆ ಮಾಡಿಸಿದ್ರು. "ಅಳಿಯಂದ್ರೆ, ಇದು ನಮ್ ತಪ್ಪಾ? ಅವ್ರು ಹಡಗು ಒಯ್ಯಲ್ಲ ಅಂದ್ರೆ ನಾವೇನು ಈಜ್ಕೊಂಡು ಹೋಗಾನ?" ಅಂದ್ರು. ಮಗ ಮೇಲ್ ಹಾಕಿದ. ಆ ಕಡೆಯಿಂದ ಉತ್ತರ ಇಲ್ಲ.

ನನಗೆ ಅಷ್ಟೇನು ಆಶ್ಚರ್ಯ ಆಗಲಿಲ್ಲ. ಬಳ್ಳಾರಿಯಾಗೆ ಟ್ರಾನ್ಸ್‌ಪೋರ್ಟ್ ಆಫೀಸಿನಾಗೆ ಲಾರಿ ಲೆಕ್ಕ ಬರೆದೋನು ನಾನು, 2011ರಾಗೆ ಸುಪ್ರೀಂ ಕೋರ್ಟು ಗಣಿಗಾರಿಕೆ ನಿಲ್ಲಿಸೋ ತನಕ ಸಂಡೂರು ಹೊಸಪೇಟೆ ಕಡೆಯಿಂದ ಅದಿರು ಹೊತ್ತು ಕೃಷ್ಣಪಟ್ಟಣಂ, ಬೇಲೇಕೇರಿಗೆ ಹೋಗೋ ಲಾರಿಗಳ ಲೆಕ್ಕ. ಸಮುದ್ರ ನೋಡದೇ ಇದ್ರೂ ಬಂದರಿನ ಹೆಸರುಗಳು ಬಾಯಿಪಾಠ. ಬಂಗಾಳ ಕೊಲ್ಲಿಯಾಗೆ ಸೈಕ್ಲೋನ್ ಎದ್ದೈತೆ ಅಂದ್ರೆ ಸಾಕು, ಲಾರಿ ಸಾಲು ಅಲ್ಲೇ ನಿಲ್ಲೋದು, ಡ್ರೈವರ್‌ಗಳು ಬತ್ತೆ ಕೇಳೋರು, ಹಡಗಿನೋರು ಕಾಯಿಸಿದ್ದಕ್ಕೆ ಡೆಮರೇಜ್ ಅಂತ ದಂಡ ಕೇಳೋರು, ಕೊಡೋನು ಯಾರು ಅಂತ ಮೂರು ದಿನ ಫೋನಿನಾಗೆ ಜಗಳ. ಹಂಗಾಗಿ ನಾನು ಮೊದ್ಲು ಮಾಡಿದ ಕೆಲಸ ಟಿಕೆಟ್ಟಿನ ಹಿಂದಿನ ಷರತ್ತು ಓದಿದ್ದು. ಹವಾಮಾನ, ಸುರಕ್ಷತೆ ಕಾರಣಕ್ಕೆ ಯಾವ ಬಂದರು ಬೇಕಾದ್ರೂ ಬಿಡಬೋದು, ಬದಲಾಯಿಸಬೋದು, ಪರಿಹಾರ ಇಲ್ಲ. ಆ ಬಂದರಿಗೆ ಕಟ್ಟಿಸ್ಕೊಂಡ ತೆರಿಗೆ, ಶುಲ್ಕ ಅಷ್ಟೇ ವಾಪಸ್, ಅದೂ ಹಡಗಿನ ಖಾತೆಗೆ. ತಲೆಗೆ ಇಪ್ಪತ್ತು ಡಾಲರೂ ಆಗಲಿಲ್ಲ.

ಒಂದಿನ ಮುಂಚೆನೇ ಗ್ಯಾಲ್ವೆಸ್ಟನ್‌ಗೆ ಹೋಗಿ ಉಳ್ಕೊಂಡ್ವಿ, ಹ್ಯೂಸ್ಟನ್‌ನಿಂದ ಎಂಬತ್ತು ಕಿಲೋಮೀಟರ್, ನಮಗೆ ಬಳ್ಳಾರಿ–ಗಂಗಾವತಿ ಇದ್ದಂಗೆ. ಸಂಜಿಗೆ ಸಮುದ್ರದ ಗೋಡೆ ಮ್ಯಾಲೆ ಅಡ್ಡಾಡಕ್ಕೆ ಹೋದ್ವಿ. ಹದಿನೇಳು ಅಡಿ ಎತ್ತರದ ಕಾಂಕ್ರೀಟ್ ಗೋಡೆ, ಮೈಲುಗಟ್ಟಲೆ ಉದ್ದ. ಇದ್ಯಾಕೆ ಅಂತ ಅಲ್ಲಿ ಹಾಕಿದ್ದ ಬೋರ್ಡು ಓದಿದ್ರೆ, 1900ರ ಸೆಪ್ಟೆಂಬರ್ 8ಕ್ಕೆ ಇದೇ ಊರಿಗೆ ಚಂಡಮಾರುತ ಬಡಿದು ಕಡಿಮೆ ಅಂದ್ರೂ ಆರು ಸಾವಿರ ಜನ ಸತ್ತಿದ್ರಂತೆ. ಆಮೇಲೆ ಗೋಡೆ ಕಟ್ಟಿದ್ದಲ್ದೆ ಊರನ್ನೇ ಎತ್ತಿದ್ರಂತೆ. ಎತ್ತಿದ್ರು ಅಂದ್ರೆ ಖರೇನೇ ಎತ್ತಿದ್ದು, ಮನಿ, ಚರ್ಚು ಎಲ್ಲ ಕೆಳಗೆ ಜಾಕು ಕೊಟ್ಟು ಕೈಯಿಂದ ತಿರುವಿ ತಿರುವಿ ಮ್ಯಾಲೆತ್ತಿ, ಕೆಳಗೆ ಸಮುದ್ರದ ಮರಳು ನೀರಿನ ಜೋಡಿ ಪೈಪಿನಾಗೆ ತುಂಬಿ, ಎರಡು ಸಾವಿರ ಕಟ್ಟಡ. ನಾನು ಲಾರಿಗೆ ಜಾಕು ಕೊಟ್ಟಿದ್ದು ನೋಡೀನಿ, ಚರ್ಚಿಗೆ ಜಾಕು ಕೊಟ್ಟಿದ್ದು ಕೇಳಿದ್ದು ಇದೇ ಮೊದಲು. ನಮ್ಮಾಕೆಗೆ ಇದರ ಮ್ಯಾಲೆ ಆಸಕ್ತಿ ಇರಲಿಲ್ಲ, ಗಾಳಿಗೆ ಸೆರಗು ನಿಲ್ತಿಲ್ಲ ನಡೀರಿ ಅಂದಳು.

ಮರುದಿನ ಹಡಗು ಹತ್ತೋವಾಗ ಸ್ಕ್ಯಾನಿಂಗಿನಾಗೆ ಬೀಗತಿಯ ಗುರೆಳ್ಳು ಚಟ್ನಿಪುಡಿ ಸಿಕ್ಕಿಬಿತ್ತು. ಮನೇಲಿ ಮಾಡಿದ ತಿಂಡಿ ಒಯ್ಯಂಗಿಲ್ಲ, ಪ್ಯಾಕೆಟ್ ಸೀಲ್ ಇದ್ರೆ ಮಾತ್ರ. ಕರ್ರಗೆ ಪುಡಿ, ಜಿಪ್ ಕವರು, ಮ್ಯಾಲೆ ಹೆಸರಿಲ್ಲ ಊರಿಲ್ಲ. ಸೆಕ್ಯೂರಿಟಿ ಹೆಣ್ಮಗಳು ಮೂಗಿನ ಹತ್ರ ಹಿಡಿದು ನೋಡಿ ಡಬ್ಬಿಗೆ ಹಾಕಿದಳು. ಶೇಂಗಾ ಚಟ್ನಿಪುಡಿ ಅಂಗಡಿ ಪ್ಯಾಕೆಟ್ಟಿನಾಗಿತ್ತು, ಅದು ಬಚಾವ್. ಜೀವ ಉಳಿಸಿದ್ದು ಅದೇ.

ಮೊದಲೆರಡು ದಿನ ಬರೀ ನೀರು. ಗಲ್ಫ್ ಆಫ್ ಮೆಕ್ಸಿಕೋ. ಎರಡನೇ ದಿನ ಹಡಗು ಸ್ವಲ್ಪ ತೂಗಾಡ್ತು, ನಮ್ಮಾಕೆ ಮಲಗಿದೋಳು ಏಳಲೇ ಇಲ್ಲ, ಕ್ಯಾಬಿನ್‌ನೋರು ಹಸಿರು ಸೇಬು ತಂದುಕೊಟ್ರು, ಅದು ತಿಂದ್ರೆ ಹೊಟ್ಟೆ ತೊಳಸೋದು ನಿಲ್ತೈತಂತೆ. ಅವಳು ನಿಂಬೆಹಣ್ಣಿನ ಉಪ್ಪಿನಕಾಯಿ ಕೇಳಿದಳು, ಅದೆಲ್ಲಿಂದ ತರೋದು.

ರಾತ್ರಿ ಊಟಕ್ಕೆ ದಿನಾ ಒಂದೇ ಟೇಬಲ್, ಒಬ್ಬನೇ ವೇಟರ್. ಎತ್ತರದ ಮನುಷ್ಯ, ನಲವತ್ತರ ಹತ್ರ, ನಾವು ಶಾಕಾಹಾರಿ ಅಂದ ಕೂಡ್ಲೇ ಅಡುಗೆಮನೆಗೆ ಹೋಗಿ ಹೇಳಿ ದಾಲ್, ಪಲ್ಯ, ಅನ್ನ ಮಾಡಿಸ್ಕೊಂಡು ಬರೋನು. ಮೊದಲೆರಡು ರಾತ್ರಿ ನಾವು ಮಾಡಿದ್ದೇನಂದ್ರೆ, ಕೂತ್ಕೊಂಡು ಜಮೈಕಾ ಹೋತಲ್ಲ ಜಮೈಕಾ ಹೋತಲ್ಲ ಅಂತ ಗೊಣಗಿದ್ದೇ. ಬೀಗರಂತೂ ತೆಪ್ಪದ ಕಥೆ ಮೂರು ಸಲ ಹೇಳಿದ್ರು, ಬಂದರಿಗೇನು ಆಗೈತೆ, ಒಂದು ಹಡಗು ನಿಲ್ಲಾಕೆ ಆಗಲ್ವಾ, ಎಲ್ಲ ನೆಪ ಅಂತ. ಎಲ್ಲ ಕನ್ನಡದಾಗೇ. ಮೂರನೇ ರಾತ್ರಿ ಮೊಮ್ಮಗ, ಏಳು ವರ್ಷದೋನು, ವೇಟರ್ ಎದೆ ಮ್ಯಾಲಿನ ಬಿಲ್ಲೆ ಓದಿದ. ಹೆಸರಿನ ಕೆಳಗೆ ಸಣ್ಣಕ್ಷರದಾಗೆ ದೇಶದ ಹೆಸರು ಇರ್ತೈತೆ, ನಮ್ಗೆ ಯಾರಿಗೂ ಕಣ್ಣಿಗೆ ಬಿದ್ದಿರಲಿಲ್ಲ. ಜಮೈಕಾ.

ಕನ್ನಡ ಬರದಿದ್ರೂ ಜಮೈಕಾ ಅನ್ನೋ ಶಬ್ದ ಎಲ್ಲ ಭಾಷೆನಾಗೂ ಜಮೈಕಾನೇ ಅಲ್ವಾ. ಎರಡು ರಾತ್ರಿ ಅವನ ತಲೆ ಮ್ಯಾಲೇ ಅದನ್ನ ಎಷ್ಟು ಸಲ ಅಂದಿದ್ವೋ. ಬೀಗರು ಚಮಚ ಕೆಳಗಿಟ್ರು.

ಸೊಸೆ ಕೇಳಿದಳು ನಿಮ್ಮ ಮನೆ ಹೆಂಗೈತೆ ಅಂತ. ಅವನದು ಸೇಂಟ್ ಎಲಿಝಬೆತ್ ಅನ್ನೋ ಜಿಲ್ಲೆ, ಬ್ಲ್ಯಾಕ್ ರಿವರ್ ಇರೋದೂ ಅದರಾಗೇ. ತರಕಾರಿ, ಹಣ್ಣು ಇಡೀ ದೇಶಕ್ಕೆ ಅಲ್ಲಿಂದ ಹೋಗ್ತೈತಂತೆ, ನಮ್ಮ ಗಂಗಾವತಿನ ಭತ್ತದ ಕಣಜ ಅಂತೀವಲ್ಲ ಹಂಗೆ. ಫೋನ್ ತೆಗೆದು ಒಂದು ಫೋಟೋ ತೋರಿಸಿದ. ನಾಲ್ಕು ಗೋಡೆ, ಒಳಗೆ ಮಂಚ, ಮಂಚದ ಮ್ಯಾಲೆ ಆಕಾಶ. ತಗಡು ಪಕ್ಕದ ತೋಟದ ಮಾವಿನ ಮರಕ್ಕೆ ಸುತ್ಕೊಂಡಿತ್ತು, ಒದ್ದೆ ಬಟ್ಟೆ ಹಿಂಡಿ ನೇತುಹಾಕಿದಂಗೆ. ತಾಯಿ ಆ ದಿನ ಬಚ್ಚಲುಮನೆಯಾಗೆ ಕೂತಿದ್ದಳಂತೆ, ಅದೊಂದಕ್ಕೇ ಕಾಂಕ್ರೀಟ್ ಛತ್ತು. 1988ರ ಗಿಲ್ಬರ್ಟ್ ಚಂಡಮಾರುತ ನೋಡಿದೋಳು, ಅದಕ್ಕಿಂತ ಇದು ಬ್ಯಾರೆ ಅಂದಳಂತೆ. ಮೂರು ದಿನ ಫೋನ್ ಹತ್ತಲಿಲ್ಲ, ಮೂರೂ ದಿನ ಅವನು ಇದೇ ಊಟದ ಹಾಲಿನಾಗೆ ಪ್ಲೇಟ್ ಎತ್ತಿದ್ದ. ಈಗ ನೀಲಿ ತಾಡಪತ್ರಿ ಹಾಕ್ಯಾರೆ, ನನ್ ಕಾಂಟ್ರ್ಯಾಕ್ಟ್ ಮುಗಿಯೋದು ಫೆಬ್ರವರಿಗೆ ಅಂದ. ಅಂದೋನು ಡೆಸರ್ಟ್ ಏನು ತರಲಿ ಅಂತ ಕೇಳಿದ.

ಗ್ರ್ಯಾಂಡ್ ಕೇಮನ್ ಬಗ್ಗೆ ಜಾಸ್ತಿ ಹೇಳಲ್ಲ. ಅಲ್ಲಿ ದೊಡ್ಡ ಹಡಗಿಗೆ ಕಟ್ಟೆ ಇಲ್ಲ, ದೂರ ನಿಂತು ಸಣ್ಣ ದೋಣಿಯಾಗೆ ಕರ್ಕೊಂಡು ಹೋಗ್ತಾರೆ, ಕಟ್ಟೆ ಬೇಡ ಅಂತ 2025ರ ಏಪ್ರಿಲ್‌ನಾಗೆ ಅಲ್ಲಿನ ಜನ ಓಟು ಹಾಕ್ಯಾರೆ. ಬೀಚು ಚೆಂದ. ಎಲ್ಲ ತುಟ್ಟಿ. ಒಂದು ಎಳನೀರು ರೇಟು ಕೇಳಿ ಬೀಗರು ಅಲ್ಲಿಂದ ಎದ್ದು ಬಂದ್ರು. ಟ್ಯಾಕ್ಸಿಯೋನು ದಾರ್ಯಾಗೆ ಅದಿದು ತೋರಿಸ್ತ ಇಲ್ಲಿ ತನಕ ನೀರು ಬಂದಿತ್ತು ಇಲ್ಲಿ ತನಕ ಬಂದಿತ್ತು ಅಂತಿದ್ದ, 2004ರ ಐವನ್ ಚಂಡಮಾರುತದಾಗೆ. ನಾನು ಕೇಳಿರಲಿಲ್ಲ, ಅವನೇ ಹೇಳ್ತಿದ್ದ. ನಮ್ಮ ಸಿರುಗುಪ್ಪ ಕಡೆ ಹಳ್ಳಿಗೆ ಹೋದ್ರೂ ಹಂಗೇ, 2009ರ ನೆರೆ ಬಂದು ಹದಿನಾರು ವರ್ಷ ಆದ್ರೂ ಗೋಡೆ ಮ್ಯಾಲೆ ಕೈ ಇಟ್ಟು ಇಷ್ಟು ಅಂತ ತೋರಿಸ್ತಾರೆ.

ಮರುದಿನ ಕೋಸ್ಟಾ ಮಾಯಾ, ನಮ್ಮ ಬದಲಿ ಬಂದರು. ಬದಲಿ ಅಂದ್ಮ್ಯಾಲೆ ಮುಖ ಗಂಟು ಹಾಕ್ಕೊಂಡೇ ಇಳಿದ್ವಿ. ಮಹಾವಾಲ್ ಅಂತ ಮೀನುಗಾರರ ಸಣ್ಣ ಊರು, ಹತ್ರ ಇಪ್ಪತ್ತೈದು ವರ್ಷದ ಹಿಂದೆ ಕ್ರೂಸ್ ಹಡಗಿಗೆ ಅಂತಲೇ ಈ ಬಂದರು ಕಟ್ಟಿದ್ದು. ಇಳಿದ ಕೂಡ್ಲೇ ಈಜುಕೊಳ, ಅಂಗಡಿ, ಜೋರು ಮ್ಯೂಸಿಕ್, ಹೊಸಪೇಟೆ ಜಾತ್ರೆಗಿಂತ ಗದ್ದಲ. ಅದನ್ನ ದಾಟಿ ಬಸ್ಸು ಹತ್ತಿ ಒಂದು ತಾಸು ಹೋದ್ರೆ ಚಾಕ್ಚೋಬೆನ್, ಮಾಯಾ ಜನರ ಹಳೆ ಊರು, ಸುಮಾರು ಕ್ರಿ.ಶ. 700ರ ಗುಡಿಗಳು. ಹಂಪಿ ನೋಡಿ ಬೆಳೆದೋರಿಗೆ ಕಲ್ಲು ತೋರಿಸ್ತಾರಾ ಅಂತ ಬೀಗರು ಬಸ್ಸಿನಾಗೇ ತಮಾಷೆ ಮಾಡಿದ್ರು. ಹೋದ ಮ್ಯಾಲೆ ಬಾಯಿ ಮುಚ್ಚಿದ್ರು. ದೊಡ್ಡ ದೊಡ್ಡ ತಾಳೆ ಗಿಡ, ನೆಲದ ತುಂಬ ನೆರಳು, ಮೆಟ್ಟಿಲು ಮೆಟ್ಟಿಲಾಗಿ ಪಾಚಿ ಹಿಡಿದ ಗುಡಿ, ಹತ್ತಂಗಿಲ್ಲ, ಕೆಳಗೆ ನಿಂತು ನೋಡಬೇಕು. ಗೈಡ್ ಊರ ಹೆಸರಿನ ಅರ್ಥ ಹೇಳಿದ, ಕೆಂಪು ಮೆಕ್ಕೆಜೋಳದ ಜಾಗ. ಅಷ್ಟೇ ಸಾಕಾತು, ಬೀಗರು ಗುಡಿ ಬಿಟ್ಟು ಗೈಡ್ ಹಿಂದೆ ಬಿದ್ರು. ಕೆಂಪು ಅಂದ್ರೆ ಎಂಥಾ ಕೆಂಪು, ಎಷ್ಟು ದಿನದ ಬೆಳೆ, ಎಕರೆಗೆ ಎಷ್ಟು ಬರ್ತೈತೆ. ನನ್ನ ಮಗ ತರ್ಜುಮೆ ಮಾಡಿ ಮಾಡಿ ಸುಸ್ತಾದ.

ವಾಪಸ್ ಬರೋವಾಗ ಗೈಡೇ ಹೇಳಿದ, 2007ರ ಆಗಸ್ಟಿನಾಗೆ ಡೀನ್ ಅನ್ನೋ ಚಂಡಮಾರುತ, ಅದೂ ಕ್ಯಾಟಗರಿ 5, ಸೀದಾ ಮಹಾವಾಲ್ ಹತ್ರಾನೇ ಬಡಿದು ಹಡಗು ನಿಲ್ಲೋ ಕಟ್ಟೆ ಮುರಿದು ಹಾಕಿತ್ತು, ಮರುವರ್ಷದ ತನಕ ಒಂದು ಹಡಗೂ ಬರಲಿಲ್ಲ, ಆಗ ನಮ್ಮ ಹಡಗುಗಳನ್ನ ಬ್ಯಾರೆ ಊರಿಗೆ ಕಳಿಸಿದ್ರು ಅಂತ. ಈಗ ಬ್ಯಾರೆ ಊರಿನ ಹಡಗು ಇವರಿಗೆ ಬಂದೈತೆ. ಅವನು ಹಿಂಗೇನು ಅನ್ನಲಿಲ್ಲ, ಟಿಪ್ಸ್ ಡಬ್ಬಿ ಮುಂದೆ ಹಿಡಿದ ಅಷ್ಟೇ.

ಕೊಝುಮೆಲ್‌ನಾಗೆ ಮಳೆ. ಒಂದು ಟೀಶರ್ಟು ತಗೊಂಡು ವಾಪಸ್ ಹಡಗು.

ಕೊನೆ ರಾತ್ರಿ ಊಟದಾಗೆ ಬೀಗರು ತೆಪ್ಪದ ಸುದ್ದಿ ತೆಗೀಲಿಲ್ಲ. ವೇಟರ್ ಬಂದ ಕೂಡ್ಲೇ ನನ್ನ ಜೇಬಿನಾಗಿಂದ ಪೆನ್ನು ಎಳ್ಕೊಂಡು ಪೇಪರ್ ನ್ಯಾಪ್‌ಕಿನ್ ಮ್ಯಾಲೆ ಮನೆ ಬರೆದ್ರು. "ಬೀಗರೇ, ಕೇಳ್ರಿ ಅವನ್ನ, ತಗಡಿಗೆ ಮೊಳೆ ಹೊಡೆದಿದ್ರಾ ಜೆ ಬೋಲ್ಟ್ ಹಾಕಿದ್ರಾ." ಕೇಳಿದ್ವಿ, ಮೊಳೆ. "ಮೊಳೆ ಹೊಡೆದ್ರೆ ಹಾರದೇ ಇನ್ನೇನು" ಅಂತ ಬೀಗರು ಪೈಪಿನ ತೊಲೆ ಬರೆದು, ಅದನ್ನ ಕೆಳಗಿನಿಂದ ತಬ್ಬಿಕೊಂಡು ತಗಡಿನ ಮ್ಯಾಲೆ ಬಂದು ನಟ್ಟು ಬಿಗಿಯೋ ಬೋಲ್ಟು ಬರೆದ್ರು, ರಬ್ಬರ್ ವಾಷರ್ ಬ್ಯಾರೆ ಬರೆದ್ರು, ಅಡಿ ಅಡಿಗೆ ಒಂದು ಬೇಕು, ಅಂಚಿನಾಗೆ ಇನ್ನೂ ಹತ್ರ. ಸಿಂಧನೂರಿನಾಗೆ ಗೊಬ್ಬರದ ಗೋದಾಮು ಕಟ್ಟಿಸಿದ ಅನುಭವ ಎಲ್ಲ ಆ ನ್ಯಾಪ್‌ಕಿನ್ ಮ್ಯಾಲೆ ಬಂತು. 295 ಕಿಲೋಮೀಟರ್ ಗಾಳಿಗೆ ಜೆ ಬೋಲ್ಟು ತಡೀತೈತಾ ಅಂತ ನನಗೇನು ಧೈರ್ಯ ಇರಲಿಲ್ಲ, ಆದ್ರೆ ಸುಮ್ನಿದ್ದೆ. ಅವನು ತಟ್ಟೆ ಕೆಳಗಿಟ್ಟು ಬಗ್ಗಿ ನೋಡಿದ, ತಗಡಿನ ದಪ್ಪ ಎಷ್ಟು ಅಂತ ಕೇಳಿದ, ಬೀಗರು ಅರ್ಧ ಎಂಎಂ ಅಂತ ಬೆರಳಿನಾಗೆ ತೋರಿಸಿದ್ರು. ನ್ಯಾಪ್‌ಕಿನ್ ನಾಲ್ಕು ಮಡಿಕೆ ಮಾಡಿ ಆರ್ಡರ್ ಬರ್ಕೊಳ್ಳೋ ಪುಸ್ತಕದಾಗೆ ಇಟ್ಕೊಂಡ. ತೆರಿಗೆ ವಾಪಸ್ ಬಂದಿದ್ದು ಹಡಗಿನ ಖಾತೆಯಾಗೇ ಇತ್ತಲ್ಲ, ಏಳು ಜನರದೂ ಸೇರಿಸಿ ಅವನ ಹೆಸರಿಗೆ ಟಿಪ್ಸ್ ಹಾಕು ಅಂತ ಮಗನಿಗೆ ಹೇಳಿದೆ, ಬೀಗತಿ ಅದರಾಗೆ ಫ್ರಿಜ್ಜಿಗೆ ಅಂಟಿಸೋ ಮ್ಯಾಗ್ನೆಟ್ ತಗೋಬೇಕಿತ್ತು ಅಂತ ಸ್ವಲ್ಪ ಮುನಿಸ್ಕೊಂಡ್ರು.

ಭಾನುವಾರ ಬೆಳಿಗ್ಗೆ ಗ್ಯಾಲ್ವೆಸ್ಟನ್. ಲಗೇಜಿಗೆ ಸಾಲು ನಿಂತಾಗ ನೆಟ್‌ವರ್ಕ್ ಬಂತು, ಬೀಗರ ಫೋನು ಟಣ್ ಟಣ್ ಟಣ್. ಊರಾಗಿರೋ ಮಗನ ವಾಯ್ಸ್ ಮೆಸೇಜು, ಲೌಡ್ ಸ್ಪೀಕರಿನಾಗೇ ಹಾಕಿದ್ರು: "ಅಪ್ಪಾ, ಡ್ಯಾಂದು ಗೇಟ್ ಎಲ್ಲ ಬದಲಾಯಿಸ್ತಾರಂತೆ, ಎರಡನೇ ಬೆಳೆಗೆ ಎಡದಂಡೆಗೆ ನೀರಿಲ್ಲವಂತೆ." 2024ರ ಆಗಸ್ಟ್ 10ರ ರಾತ್ರಿ, ನಮ್ಮ ತುಂಗಭದ್ರಾ ಡ್ಯಾಂದು 19ನೇ ಗೇಟಿನ ಚೈನ್ ಕಿತ್ತು ಗೇಟು ಕೊಚ್ಚಿ ಹೋದಾಗಿಂದ ಈ ಮಾತು ಇದ್ದೇ ಇತ್ತು, ಈಗ ಗಟ್ಟಿ ಆತು ಅನ್ಸುತ್ತೆ. ಬೀಗರು ಅಲ್ಲೇ ಸಾಲಿನಾಗೇ ಊರಿಗೆ ಫೋನ್ ಹಚ್ಚಿ, ಹಂಗಾರೆ ಕಡ್ಲೆ ಹಾಕಾನ ಅಂದ್ರೆ ಹೊತ್ತು ಮೀರೈತಲ್ಲೋ, ಬೋರಿನ ನೀರು ಎಷ್ಟೆಕರೆಗೆ ಸಾಲ್ತೈತೆ, ಮೆಕ್ಕೆಜೋಳದ ಬೀಜ ಏನು ರೇಟು ಕೇಳಿಟ್ಟಿರು ಅಂತ ಜೋರಾಗಿ ಮಾತಾಡಾಕೆ ಹತ್ತಿದ್ರು, ಹಿಂದೆ ನಿಂತ ಅಮೆರಿಕದೋರು ಎರಡು ಹೆಜ್ಜೆ ಹಿಂದಕ್ಕೆ ಸರಿದ್ರು.