ದೊಡ್ಡಮ್ಮನ ಕೋಲಾಟದ ಪದ ಮಿಡಿ ಫೈಲಿಗೆ: ಜಾರು ಕೊನೆಗೂ ಉಳಿಯಿತು

ಹಾಸನದಿಂದ ಬೇಲೂರು ರಸ್ತೆಯಲ್ಲಿ ಸ್ವಲ್ಪ ದೂರ ಹೋದರೆ ನಮ್ಮ ದೊಡ್ಡಮ್ಮನ ಊರು. ದೊಡ್ಡಮ್ಮನಿಗೆ ಹತ್ತು ಹನ್ನೊಂದು ಕೋಲಾಟದ ಪದ ಬಾಯಿಗೆ ಬರುತ್ತವೆ. ಈ ವರ್ಷ ಗಣೇಶನ ಹಬ್ಬಕ್ಕೆ ಊರಿನ ಹುಡುಗಿಯರು ಕೋಲಾಟ ಕಲಿಯುತ್ತಿದ್ದಾರೆ, ಆದರೆ ದಿನಾ ಸಂಜೆ ಒಂದು ಗಂಟೆ ಹಾಡೋಕೆ ದೊಡ್ಡಮ್ಮನಿಗೆ ಉಸಿರು ಸಾಲದು. ಫೋನಿನಲ್ಲಿ ರೆಕಾರ್ಡ್ ಮಾಡಿ ಹಾಕೋಣ ಅಂದರೆ ಕಲಿಯುವವರಿಗೆ ಮೊದಲು ನಿಧಾನ ಬೇಕು, ಶ್ರುತಿಯೂ ಮೇಲೆ ಬೇಕು, ಆಡಿಯೋವನ್ನು ಅಷ್ಟು ಎಳೆದಾಡಿದರೆ ದನಿ ಕೆಟ್ಟುಹೋಗುತ್ತದೆ. ಅದಕ್ಕೇ ಮಿಡಿ. ಅದರಲ್ಲಿ ಶಬ್ದವೇ ಇರುವುದಿಲ್ಲ ಅಲ್ವಾ, ಯಾವ ಸ್ವರ, ಯಾವಾಗ ಒತ್ತಬೇಕು, ಎಷ್ಟು ಜೋರಾಗಿ, ಯಾವಾಗ ಬಿಡಬೇಕು ಅಂತ ಬರೆದಿಟ್ಟ ಸೂಚನೆ ಅಷ್ಟೇ. ನಿಧಾನ ಮಾಡಿದರೂ ಶ್ರುತಿ ಬದಲಿಸಿದರೂ ಏನೂ ಕೆಡುವುದಿಲ್ಲ. ನಾಲ್ಕು ನಿಮಿಷದ ಪದ ಫೋನಿನಲ್ಲಿ 4 ಎಂಬಿ ಇತ್ತು, ಮಿಡಿ ಫೈಲು 30 ಕೆಬಿಯೂ ಆಗಲಿಲ್ಲ.

ಜೂನ್ 8

ಕಂಪ್ಯೂಟರಿನಲ್ಲಿ ಸಂಗೀತ ರೆಕಾರ್ಡ್ ಮಾಡಿ ತಿದ್ದುವ ರೀಪರ್ ಅನ್ನುವ ಸಾಫ್ಟ್‌ವೇರಿನಲ್ಲಿ ಶುರು ಮಾಡಿದೆ. ದೊಡ್ಡಮ್ಮನ ರೆಕಾರ್ಡಿಂಗ್ ಒಂದು ಟ್ರ್ಯಾಕಿನಲ್ಲಿ ಇಟ್ಟು, ಅದನ್ನು ಕೇಳುತ್ತಾ ಯುಎಸ್‌ಬಿ ಕೀಬೋರ್ಡಿನಲ್ಲಿ ಸ್ವರ ನುಡಿಸಿದೆ. ದೊಡ್ಡಮ್ಮನ ಶ್ರುತಿ ಬಿಳಿ ಐದು. ಪದ ನಿಮಿಷಕ್ಕೆ 92 ಬೀಟಿನ ವೇಗದಲ್ಲಿ ಶುರುವಾಗಿ ಕೊನೆಯ ಸುತ್ತಿಗೆ ಹೆಚ್ಚುಕಡಿಮೆ 130ಕ್ಕೆ ಏರುತ್ತದೆ, ಹಾಗಾಗಿ ಪ್ರತಿ ಸಾಲಿಗೂ ಒಂದೊಂದು ಟೆಂಪೋ ಗುರುತು ಹಾಕಬೇಕಾಯಿತು. ಈ ಕೆಲಸಕ್ಕೇ ಎರಡು ರಾತ್ರಿ ಹೋಯಿತು. ಕೋಲಿನ ಏಟಿಗೆ 10ನೇ ಚಾನೆಲ್, ಜನರಲ್ ಮಿಡಿ ಅನ್ನುವ, ಎಲ್ಲ ವಾದ್ಯಗಳಿಗೂ ಸಾಮಾನ್ಯವಾದ ನಂಬರು ಪಟ್ಟಿಯಲ್ಲಿ ಅದು ತಾಳವಾದ್ಯಕ್ಕೆ ಮೀಸಲು. ಅಲ್ಲಿ 75ನೇ ಸ್ವರ ಕ್ಲೇವ್ಸ್, ಅಂದರೆ ಎರಡು ಮರದ ಕೋಲು ತಟ್ಟಿದ ಸದ್ದು. ಇದಕ್ಕಿಂತ ಸರಿಯಾದ್ದು ಸಿಗುವುದಿಲ್ಲ. ತಾಳದ ಸದ್ದಿಗೆ 81, ಟ್ರಯಾಂಗಲ್.

ಜೂನ್ 15

ನನ್ನ ಬೆರಳು ಹಿಂದೆಮುಂದೆ ಆಗಿದ್ದ ಕಡೆ ಸರಿಯಾಗಲಿ ಅಂತ ಎಲ್ಲ ಸ್ವರಕ್ಕೂ ಕ್ವಾಂಟೈಸ್ ಹಾಕಿದೆ, ಅಂದರೆ ಪ್ರತಿ ಸ್ವರವನ್ನೂ ಬೀಟಿನ ಗೆರೆಗೆ ಎಳೆದು ಕೂರಿಸುವುದು, ಅದೂ ನೂರಕ್ಕೆ ನೂರು. ದೊಡ್ಡಮ್ಮನಿಗೆ ಕೇಳಿಸಿದೆ. "ಇದು ನನ್ನ ಪದದಂಗೆ ಇಲ್ಲ ಕಣೋ ಮಗ, ಯಾರೋ ಹಿಂದಿನಿಂದ ತಳ್ಳಿದಂಗೆ ಹೋಗ್ತದೆ" ಅಂದರು. ನಿಜ. ಮತ್ತೆ ರೆಕಾರ್ಡಿಂಗ್ ಜೊತೆ ಹೋಲಿಸಿ ನೋಡಿದಾಗ ಗೊತ್ತಾಯಿತು, ಸಾಲಿನ ಮೊದಲ ಸ್ವರವನ್ನು ದೊಡ್ಡಮ್ಮ ಪ್ರತಿ ಸಲವೂ ಕೋಲಿನ ಏಟಿಗಿಂತ ಒಂದು ಚೂರು ತಡವಾಗಿ ಹಿಡಿಯುತ್ತಾರೆ. ನನ್ನ ಫೈಲಿನಲ್ಲಿ ಒಂದು ಬೀಟಿಗೆ 960 ಟಿಕ್, ಅದರಲ್ಲಿ ಸುಮಾರು 60 ಟಿಕ್. ಲೆಕ್ಕ ಹಾಕಿದರೆ ಸೆಕೆಂಡಿನ 25ರಲ್ಲಿ ಒಂದು ಪಾಲು. ಅಷ್ಟರಲ್ಲೇ ಪದದ ಜೀವ ಇರುವುದು! ಅದನ್ನು ನಾನು ಅಳಿಸಿಹಾಕಿದ್ದೆ, ಮೇಲೆ ಸೇವ್ ಕೂಡ ಮಾಡಿ ಮುಚ್ಚಿದ್ದೆ, ಅನ್‌ಡೂ ಮಾಡುವ ಹಾಗೂ ಇರಲಿಲ್ಲ. ಇಡೀ ಪದ ಮತ್ತೆ ನುಡಿಸಿದೆ.

ಈಗ ಕ್ವಾಂಟೈಸ್ ಕೋಲಿಗೆ ಮಾತ್ರ ಪೂರ್ತಿ, ಹಾಡಿನ ಸಾಲಿಗೆ ಬರೀ 30 ಪರ್ಸೆಂಟ್. ಸಾಲಿನ ಮೊದಲ ಸ್ವರವನ್ನು ಮುಟ್ಟುವುದೇ ಇಲ್ಲ. ದೊಡ್ಡ ಬದಲಾವಣೆಗೆ ಮುಂಚೆ ಹೊಸ ಹೆಸರಿನಲ್ಲಿ ಸೇವ್ ಮಾಡುತ್ತೇನೆ: ಪದ1-01, ಪದ1-02, ಹೀಗೆ.

ಜೂನ್ 29

ಭಜನೆ ಮಂದಿರದ ಕೀಬೋರ್ಡ್ ಹಳೆಯದು, ಆದರೆ ಪೆನ್‌ಡ್ರೈವ್ ಹಾಕುವ ಜಾಗ ಇದೆ. ಅಭ್ಯಾಸ ನಡೆಯುವುದು ಅಲ್ಲೇ. ಮೊದಲು ಫೈಲು ತೆರೆಯಲೇ ಇಲ್ಲ. ನಾನು ಫಾರ್ಮ್ಯಾಟ್ 1ರಲ್ಲಿ ಉಳಿಸಿದ್ದೆ, ಅದರಲ್ಲಿ ಪ್ರತಿ ಟ್ರ್ಯಾಕೂ ಬೇರೆಬೇರೆ ಇರುತ್ತದೆ. ಹಳೆಯ ಕೀಬೋರ್ಡುಗಳಲ್ಲಿ ಎಷ್ಟೋ ಫಾರ್ಮ್ಯಾಟ್ 0 ಮಾತ್ರ ಓದುತ್ತವೆ, ಎಲ್ಲ ಒಂದೇ ಟ್ರ್ಯಾಕಿನಲ್ಲಿ ಸೇರಿರುವಂಥದ್ದು. ರೀಪರ್‌ನಲ್ಲಿ ಎಕ್ಸ್‌ಪೋರ್ಟ್ ಪ್ರಾಜೆಕ್ಟ್ ಮಿಡಿ ಅಂತ ಹೋದರೆ ಎರಡೂ ಆಯ್ಕೆ ಇದೆ. ಮನೆಗೆ ಬಂದು 0 ಮಾಡಿಕೊಂಡು ಹೋದೆ. ಕನ್ನಡದ ಫೈಲ್ ಹೆಸರನ್ನು ಇಂಗ್ಲಿಷಿಗೆ ಬದಲಿಸಿದೆ, ಕೀಬೋರ್ಡಿನ ಪರದೆಯಲ್ಲಿ ಅದು ಬರುತ್ತಿರಲಿಲ್ಲ.

ಈ ಸಲ ತೆರೆಯಿತು, ಆದರೆ ಕೋಲಿನ ಏಟೂ ಹಾರ್ಮೋನಿಯಂ ದನಿಯಲ್ಲೇ ಬಂತು. ಕಾರಣ ನನ್ನ ಕೋಲಿನ ಟ್ರ್ಯಾಕ್. ಸರಿಯಾದ ವಾದ್ಯ ಜೋಡಿಸಿದ್ದರಿಂದ ಕಂಪ್ಯೂಟರಿನಲ್ಲಿ ಸರಿಯಾಗಿ ಕೇಳುತ್ತಿತ್ತು, ಒಳಗಿನ ಸ್ವರಗಳೆಲ್ಲ ಮಾತ್ರ 1ನೇ ಚಾನೆಲಿನಲ್ಲೇ ಉಳಿದಿದ್ದವು. ಒಂದೇ ಟ್ರ್ಯಾಕಾಗಿ ಸೇರಿಸಿದ ಮೇಲೆ ಕೀಬೋರ್ಡಿಗೆ ಚಾನೆಲ್ ನಂಬರು ಬಿಟ್ಟು ಬೇರೆ ಗುರುತೇ ಇಲ್ಲ. ಈಗ ಹಾಡು 1, ಮೇಳದ ಸೊಲ್ಲು 2, ಕೋಲು ಮತ್ತು ತಾಳ 10. ಅದೇ ದಿನ ವೇಗವೂ ತಪ್ಪಿತ್ತು, ಶುರುವಿನಿಂದಲೇ 120. ಟೆಂಪೋ ಸೇರಿಸುವ ಗುರುತಿಗೆ ಟಿಕ್ ಹಾಕಿರಲಿಲ್ಲ. ಫೈಲಿನಲ್ಲಿ ಟೆಂಪೋ ಇಲ್ಲದಿದ್ದರೆ 120 ಅಂತಲೇ ಹಿಡಿಯುವುದು ಮಿಡಿ ಫೈಲಿನ ನಿಯಮ.

ಜುಲೈ 6

ಶ್ರುತಿ ಮೇಲಕ್ಕೆ, ಮೂರು ಮೆಟ್ಟಿಲು, ಅಂದರೆ ಕೀಬೋರ್ಡಿನಲ್ಲಿ ಕಪ್ಪು ಬಿಳಿ ಎಲ್ಲ ಸೇರಿಸಿ ಮೂರು ಕೀ. ಸುಮ್ನೆ ಎಲ್ಲವನ್ನೂ ಆರಿಸಿ ಏರಿಸಿಬಿಟ್ಟೆ. ಕೋಲಿನ 75 ಹೋಗಿ 78 ಆಯಿತು, ಅದು ಬ್ರೆಜಿಲ್‌ನ ಕ್ವೀಕಾ ಅನ್ನುವ ವಾದ್ಯದ ಸದ್ದು. 10ನೇ ಚಾನೆಲಿನಲ್ಲಿ ಸ್ವರದ ನಂಬರು ಅಂದರೆ ವಾದ್ಯದ ನಂಬರು, ಅದನ್ನು ಬಿಟ್ಟು ಏರಿಸಬೇಕು.

ಮಳೆ ಜೋರಾಗಿದೆ. ಸಂಜೆ ಕರೆಂಟ್ ಹೋಗಿ ಲ್ಯಾಪ್‌ಟಾಪ್ ಆರಿತು, ಬ್ಯಾಟರಿ ಮೊದಲೇ ಸತ್ತಿದೆ. ಇಪ್ಪತ್ತು ನಿಮಿಷದ ಕೆಲಸ ಹೋಯಿತು. ಸೆಟ್ಟಿಂಗ್‌ನಲ್ಲಿ ತಾನೇ ಸೇವ್ ಆಗುವುದನ್ನು 5 ನಿಮಿಷಕ್ಕೆ ಇಟ್ಟಿದ್ದೇನೆ.

ಜುಲೈ 20

ಇಷ್ಟು ದಿನ ಕಾಡಿದ್ದು ಇದು. ಪಲ್ಲವಿಯ ಕೊನೆಯಲ್ಲಿ ದೊಡ್ಡಮ್ಮ ಗಾಂಧಾರದಿಂದ ಪಂಚಮಕ್ಕೆ ಒಂದು ಜಾರು ಹಾಕುತ್ತಾರೆ, ದನಿ ನಡುವೆ ಕಡಿಯದೆ ಜಾರಿಕೊಂಡು ಹೋಗುತ್ತದೆ. ಎರಡು ಸ್ವರ ಬೇರೆಬೇರೆಯಾಗಿ ಒತ್ತಿದರೆ ಅದು ಬರುವುದಿಲ್ಲ, ಪಿಚ್ ಬೆಂಡ್‌ನಲ್ಲಿ ಗೆರೆ ಎಳೆಯಬೇಕು. ಎಳೆದಿದ್ದೆ, ಮನೆಯಲ್ಲಿ ಚೆನ್ನಾಗಿಯೇ ಕೇಳುತ್ತಿತ್ತು. ಮಂದಿರದ ಕೀಬೋರ್ಡಿನಲ್ಲಿ ಆ ಜಾರು ಗಾಂಧಾರದಿಂದ ಸ್ವಲ್ಪ ಮೇಲೆ ಹೋಗಿ ಅಲ್ಲೇ ಅಪಸ್ವರವಾಗಿ ನಿಂತುಬಿಡುತ್ತಿತ್ತು. ಹುಡುಗಿಯರು ಆ ಜಾಗದಲ್ಲಿ ಕೋಲು ನಿಲ್ಲಿಸಿ ಮುಖ ನೋಡುತ್ತಿದ್ದರು.

ಪಿಚ್ ಬೆಂಡ್ ಅಂದರೆ 0ಯಿಂದ 16383ರವರೆಗಿನ ಒಂದು ಸಂಖ್ಯೆ, ನಡುವೆ 8192. ಆ ಸಂಖ್ಯೆಯಲ್ಲಿ "ಮೂರು ಮೆಟ್ಟಿಲು ಏರು" ಅಂತ ಇರುವುದಿಲ್ಲ, ವಾದ್ಯದ ಪೂರ್ತಿ ಎಳೆತದಲ್ಲಿ ಇಷ್ಟು ಪಾಲು ಅಂತ ಮಾತ್ರ ಇರುತ್ತದೆ. ರೀಪರ್ ಒಳಗೆ ವಾದ್ಯದ ದನಿ ಕೊಡುವ ನನ್ನ ಪ್ಲಗಿನ್‌ನಲ್ಲಿ ಪೂರ್ತಿ ಎಳೆತವನ್ನು 12 ಮೆಟ್ಟಿಲು ಅಂತ ಇಟ್ಟಿದ್ದೆ, ಹಾಗಾಗಿ ಮೂರು ಮೆಟ್ಟಿಲಿಗೆ ನಡುವಿನಿಂದ 2048 ಮೇಲೆ. ಸಾಮಾನ್ಯವಾಗಿ ಕೀಬೋರ್ಡುಗಳಲ್ಲಿ ಅದು 2 ಮೆಟ್ಟಿಲು. ಅದೇ 2048 ಅಲ್ಲಿ ಅರ್ಧ ಮೆಟ್ಟಿಲು ಅಷ್ಟೇ. ನಾನು ಪ್ಲಗಿನ್‌ನಲ್ಲಿ ಇಟ್ಟ 12 ರೀಪರ್ ಪ್ರಾಜೆಕ್ಟಿನಲ್ಲಿ ಉಳಿಯಿತು, ಮಿಡಿ ಫೈಲಿಗೆ ಹೋಗಲೇ ಇಲ್ಲ.

ಅದನ್ನು ಫೈಲಿನೊಳಗೇ ಹೇಳಲು ದಾರಿ ಇದೆ. ಹಾಡಿನ ಚಾನೆಲಿನಲ್ಲಿ, ಮೊದಲ ಸ್ವರಕ್ಕೂ ಮುಂಚೆ, ಇದೇ ಕ್ರಮದಲ್ಲಿ: ಕಂಟ್ರೋಲ್ ಅನ್ನುವ ಸೆಟ್ಟಿಂಗ್ ಸೂಚನೆಗಳಲ್ಲಿ 101ಕ್ಕೆ 0, 100ಕ್ಕೆ 0, ಆಮೇಲೆ 6ಕ್ಕೆ 12. ಕೊನೆಗೆ 101 ಮತ್ತು 100 ಎರಡಕ್ಕೂ 127 ಹಾಕಿ ಮುಚ್ಚಬೇಕು. ಐದೂ ಒಂದೇ ಟಿಕ್‌ನಲ್ಲಿ ಇಟ್ಟರೆ ಸೇವ್ ಮಾಡುವಾಗ ಕ್ರಮ ತಪ್ಪಬಹುದು ಅಂತ ಹೆದರಿ ಹತ್ತು ಹತ್ತು ಟಿಕ್ ಬಿಟ್ಟು ಇಟ್ಟೆ, ಅದಕ್ಕಾಗಿ ಪದದ ಮುಂದೆ ಒಂದು ಖಾಲಿ ಬಾರ್ ಸೇರಿಸಿದೆ. ಜಾರು ಮುಗಿದ ಮೇಲೆ ಬೆಂಡನ್ನು ಮತ್ತೆ 8192ಕ್ಕೆ ತರುವುದನ್ನು ಮರೆಯಬಾರದು, ಇಲ್ಲದಿದ್ದರೆ ಮುಂದಿನ ಸಾಲು ಪೂರ್ತಿ ಮೂರು ಮೆಟ್ಟಿಲು ಮೇಲೆ ಹೋಗುತ್ತದೆ. ಬೆಂಡ್ ಇಡೀ ಚಾನೆಲಿಗೆ ಅನ್ವಯವಾಗುವುದರಿಂದ ಮೇಳದ ಸೊಲ್ಲು ಬೇರೆ ಚಾನೆಲಿನಲ್ಲಿ ಇದ್ದದ್ದು ಒಳ್ಳೆಯದಾಯಿತು.

ಶನಿವಾರ ಸಂಜೆ ಮಂದಿರದಲ್ಲಿ ಹಾಕಿದೆ. ಜಾರು ಪಂಚಮಕ್ಕೆ ಹೋಗಿ ಮುಟ್ಟಿತು. ದೊಡ್ಡಮ್ಮ ಜಗುಲಿ ಮೇಲೆ ಕೂತಿದ್ದವರು ತಲೆ ಎತ್ತಿ ನೋಡಿದರು, ಆಮೇಲೆ ಕೀಬೋರ್ಡಿನ ಜೊತೆಗೇ ಮೆಲ್ಲಗೆ ಹಾಡೋಕೆ ಶುರು ಮಾಡಿದರು. ನನಗೆ ಅವತ್ತು ಆದಷ್ಟು ಸಂತೋಷ ಈ ಆರು ವಾರದಲ್ಲಿ ಯಾವತ್ತೂ ಆಗಿರಲಿಲ್ಲ.

ಈಗ ಪ್ರತಿ ಪದಕ್ಕೂ ಮೂರು ಫೈಲು ಇಡುತ್ತಿದ್ದೇನೆ: ತಿದ್ದೋಕೆ ರೀಪರ್ ಪ್ರಾಜೆಕ್ಟ್, ಬೇರೆಯವರಿಗೆ ಕೊಡೋಕೆ ಫಾರ್ಮ್ಯಾಟ್ 1, ಮಂದಿರಕ್ಕೆ ಫಾರ್ಮ್ಯಾಟ್ 0. ಎಕ್ಸ್‌ಪೋರ್ಟ್ ಆದ ಫೈಲನ್ನು ಖಾಲಿ ಪ್ರಾಜೆಕ್ಟಿನಲ್ಲಿ ತೆರೆದು ಚಾನೆಲ್, ಟೆಂಪೋ, ಆ ಐದು ಸೂಚನೆ ಎಲ್ಲ ಇವೆಯಾ ಅಂತ ನೋಡಿಯೇ ಪೆನ್‌ಡ್ರೈವಿಗೆ ಹಾಕುತ್ತೇನೆ.

ಎರಡನೇ ಪದ ಅರ್ಧ ಆಗಿದೆ. ಮೂರನೇ ಸಾಲನ್ನು ದೊಡ್ಡಮ್ಮ ಒಂದು ಸಲ ಧೈವತಕ್ಕೆ ಏರಿಸಿ ಹಾಡಿದ್ದಾರೆ, ಇನ್ನೊಂದು ಸಲ ಪಂಚಮದಲ್ಲೇ ನಿಲ್ಲಿಸಿದ್ದಾರೆ. ಯಾವುದನ್ನು ಇಡಬೇಕು ಅಂತ ಭಾನುವಾರ ಹೋಗಿ ಅವರನ್ನೇ ಕೇಳಬೇಕು.