ರಾಗವಿಲ್ಲದೆ ಕೇಳಿದ ಕೆ.ಎಸ್.ನ.

ಮಂಡ್ಯ ಜಿಲ್ಲೆಯವರಾದ ನಮಗೆ ಕೆ.ಎಸ್. ನರಸಿಂಹಸ್ವಾಮಿಯವರು ಪುಸ್ತಕಕ್ಕಿಂತ ಮೊದಲು ಹಾಡಿನಲ್ಲಿ ಸಿಕ್ಕವರು. ಕೃಷ್ಣರಾಜಪೇಟೆ ತಾಲ್ಲೂಕಿನ ಕಿಕ್ಕೇರಿಯಲ್ಲಿ 1915ರಲ್ಲಿ ಜನಿಸಿದ ಈ ಕವಿಯ ‘ಮೈಸೂರು ಮಲ್ಲಿಗೆ’ 1942ರಲ್ಲಿ ಪ್ರಕಟವಾಯಿತು; ಅದರ ಕವಿತೆಗಳನ್ನು ಮನೆಮನೆಗೆ ತಲುಪಿಸಿದ ಮೈಸೂರು ಅನಂತಸ್ವಾಮಿ, ಸಿ. ಅಶ್ವತ್ಥ್ ಮೊದಲಾದ ಗಾಯಕರ ಋಣ ದೊಡ್ಡದು. ಆದರೆ ಆ ರಾಗಗಳು ಕಿವಿಯಲ್ಲಿ ಎಷ್ಟು ಗಟ್ಟಿಯಾಗಿ ನೆಲೆಸಿವೆಯೆಂದರೆ, ಸಾಲುಗಳ ಅರ್ಥದ ಕಡೆಗೆ ಗಮನವೇ ಹರಿಯುವುದಿಲ್ಲ.

ಮಂಡ್ಯದ ನಮ್ಮ ಬಡಾವಣೆಯ ನಿವಾಸಿಗಳು ಸೇರಿ ನಡೆಸಿದ ಸಾಹಿತ್ಯೋತ್ಸವಕ್ಕೆ ಅತಿಥಿಯಾಗಿ ಬಂದಿದ್ದ ಹೆಸರಾಂತ ಕವಿಯೊಬ್ಬರು, ಹಾರ ತುರಾಯಿಗಳೆಲ್ಲ ಮುಗಿದ ಮೇಲೆ, ತಮ್ಮ ಕವಿತೆಗಳನ್ನು ಪಕ್ಕಕ್ಕಿಟ್ಟು ಕೆ.ಎಸ್.ನ. ಅವರನ್ನು ಓದತೊಡಗಿದರು. ಹಾಡಲಿಲ್ಲ, ಓದಿದರು. ರಾಯರು ಮಾವನ ಮನೆಗೆ ಬರುವ ಕವಿತೆಯನ್ನು ಎತ್ತಿಕೊಂಡಾಗ ಸಭೆಯ ಅರ್ಧದಷ್ಟು ಮಂದಿ ಅಭ್ಯಾಸಬಲದಿಂದ ಗುನುಗಲಾರಂಭಿಸಿದರೂ, ಅವರ ಮಾತಿನ ಲಯಕ್ಕೆ ಹೊಂದದೆ ಒಬ್ಬೊಬ್ಬರಾಗಿ ಸುಮ್ಮನಾದರು. ರಾಯರ ಮಡದಿ ಪದುಮಳು ಒಳಗಿಲ್ಲವೆಂದು ನಾದಿನಿ ತಿಳಿಸುವಲ್ಲಿ ಅವರು ಕ್ಷಣಕಾಲ ನಿಂತರು. ಹೆಣ್ಣುಮಕ್ಕಳು ತಿಂಗಳಿಗೆ ಮೂರು ದಿನ ಹೊರಗೆ ಕೂರುತ್ತಿದ್ದ ಮನೆಗಳನ್ನು ಕಂಡವರಿಗೆ ಆ ಒಂದು ಮಾತಿನಲ್ಲಿಯೇ ರಾಯರ ನಿರಾಸೆ, ಎದುರು ಕೇಳಲಾಗದ ಸಂಕೋಚ, ಮನೆಯವರೆಲ್ಲರ ತುಂಟ ಮೌನ ತಿಳಿಯುತ್ತವೆ. ಇಷ್ಟು ವರ್ಷ ಅದನ್ನು ಬರಿಯ ಸರಸದ ಹಾಡೆಂದು ಕೇಳಿದ್ದ ನನಗೆ, ಒಂದು ಕಾಲದ ಮನೆಯೊಳಗಿನ ಕಟ್ಟುಪಾಡನ್ನು ಕವಿ ಯಾರನ್ನೂ ನೋಯಿಸದೆ ಹೇಳಿರುವ ರೀತಿ ಅಂದು ಸ್ಪಷ್ಟವಾಯಿತು.

ಅನಂತರ ಅವರು ‘ತೆರೆದ ಬಾಗಿಲು’ ಸಂಕಲನದ ಕಡೆಗೆ ಹೊರಳಿದರು. 1977ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಕೃತಿ ಇದು. ‘ಮಲ್ಲಿಗೆ’ಯ ದಾಂಪತ್ಯದ ಉಲ್ಲಾಸ ಇಲ್ಲಿ ಹಿಂದೆ ಸರಿದು, ದನಿ ತಗ್ಗಿ, ಪ್ರಾಸದ ಆಸರೆಯೂ ಸಡಿಲವಾಗಿರುವುದರಿಂದ ಇವು ರಾಗಕ್ಕೆ ಸುಲಭವಾಗಿ ಒಗ್ಗುವ ಕವಿತೆಗಳಲ್ಲ, ನಮ್ಮ ಸಭೆಗಳಲ್ಲಿ ಇವು ಕೇಳಿಬರದಿರಲು ಅದೇ ಕಾರಣವಿರಬೇಕು. ಅದಕ್ಕೂ ಹಿಂದಿನ ‘ಶಿಲಾಲತೆ’ ಸಂಕಲನದ ವೇಳೆಗಾಗಲೇ ನವ್ಯದ, ಅಂದರೆ ಹೊಸ ಬಗೆಯ ಕಾವ್ಯಮಾರ್ಗದ, ಗಾಳಿಯನ್ನು ಉಸಿರಾಡಿ, ಆದರೂ ತನ್ನತನವನ್ನು ಬಿಡದ ಕವಿಯನ್ನು ಒಂದೇ ಪುಸ್ತಕದ ಒಡೆಯನನ್ನಾಗಿ ಮಾಡುವುದು ಅನ್ಯಾಯವೆಂದೇ ನನ್ನ ಭಾವನೆ.

ಪ್ರಶ್ನೋತ್ತರದಲ್ಲಿ ಹಿರಿಯರೊಬ್ಬರು, ‘ಒಂದನ್ನಾದರೂ ಹಾಡಿಸಿ ಸ್ವಾಮಿ’ ಎಂದು ಕೇಳಿದರು. ‘ಹಾಡನ್ನು ನೀವು ಮನೆಯಲ್ಲೂ ಕೇಳುತ್ತೀರಿ, ಇನ್ನೊಂದು ಕವಿತೆ ಓದುತ್ತೇನೆ’ ಎಂದು ನಯವಾಗಿ ಹೇಳಿ ಅವರು ‘ತೆರೆದ ಬಾಗಿಲು’ವಿನಿಂದಲೇ ಮತ್ತೊಂದನ್ನು ಓದಿದರು. ಮುಂದಿನ ವರ್ಷ ಒಂದು ಸಂಜೆಯನ್ನು ಪೂರ್ತಿ ಈ ಕವಿತೆಗಳ ಓದಿಗೇ ಮೀಸಲಿಡಬೇಕೆಂದು ಸಂಘಟಕರಿಗೆ ಬರೆದು ಕೊಟ್ಟಿದ್ದೇನೆ.