ಚೇರಂಬಾಣೆ ಮನೆ: ಮಾಡು ನೋಡ್ತಾ ಇರೋದು, ಇಲ್ಲಿವರೆಗೆ

ಮನೆ ತಗೊಳ್ಳೋ ಮಾತು ಶುರುವಾಗಿ ನಾಲ್ಕು ತಿಂಗಳಾಯ್ತು, ಇನ್ನೂ ಅಡ್ವಾನ್ಸ್ ಕೊಟ್ಟಿಲ್ಲ. ಕಾರಣ ಮಾಡು, ಅಂದ್ರೆ ಮನೆಯ ಇಳಿಜಾರು ಚಾವಣಿ. ಮನೆ ಇರೋದು ಕೊಡಗಲ್ಲಿ, ಭಾಗಮಂಡಲ ರೋಡಿಂದ ಸ್ವಲ್ಪ ಒಳಗೆ, ಮಣ್ಣಿನ ಗೋಡೆ, ಮಂಗಳೂರು ಹೆಂಚು, ಸುತ್ತ ಅರ್ಧ ಎಕರೆ ಕಾಫಿ. ನಂಗೆ ವಿಪರೀತ ಇಷ್ಟ ಆಗಿಬಿಟ್ಟಿದೆ, ಅದಕ್ಕೇ ಭಯ, ಇಷ್ಟ ಆದ ಮನೇಲಿ ಹುಳುಕು ಕಣ್ಣಿಗೆ ಬೀಳಲ್ಲ.

ಮೊದಲು ಹೋಗಿದ್ದು ಮಾರ್ಚಲ್ಲಿ, ಕಾಫಿ ಹೂ ಅರಳಿಸೋ ಹೂಮಳೆ ಕೂಡ ಬಿದ್ದಿರ್ಲಿಲ್ಲ, ಎಲ್ಲಾ ಒಣಒಣ. ಬ್ರೋಕರ್ ಒಂದು ಹೆಂಚು ತಿರುಗಿಸಿ ಬಾಸೆಲ್ ಮಿಷನ್ 1865 ಅಂತ ಅಚ್ಚೊತ್ತಿದ್ದು ತೋರಿಸಿ, ನೋಡಿ ಅಷ್ಟು ಹಳೇ ಮನೆ ಅಂದ್ರು. ಅದು ಮಂಗಳೂರಿನ ಜೆಪ್ಪುವಲ್ಲಿ ಬಾಸೆಲ್ ಮಿಷನ್‌ನವ್ರ ಹೆಂಚಿನ ಕಾರ್ಖಾನೆ ಶುರುವಾದ ವರ್ಷ, ಹೆಂಚು ಸುಟ್ಟ ವರ್ಷ ಅಲ್ಲ. ಮೊದಲನೇ ಮಹಾಯುದ್ಧ ಆದ್ಮೇಲೆ ಆ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟ್ ಕೈಗೆ ಹೋದ್ವು, ಹಾಗಾಗಿ ಹೆಂಚು ಹಳೇದು ಅನ್ನೋದೇನೋ ಸರಿ, ಆದ್ರೆ ಹಳೇ ಹೆಂಚನ್ನ ಒಂದು ಮನೆಯಿಂದ ಇಳಿಸಿ ಇನ್ನೊಂದಕ್ಕೆ ಏರಿಸೋದು ನಮ್ಮಲ್ಲಿ ಮಾಮೂಲಿ, ಅದರಿಂದ ಮನೆ ವಯಸ್ಸು ಹೇಳೋಕಾಗಲ್ಲ.

ಅವತ್ತು ಅಂಗಳದಲ್ಲಿ ದೂರ ನಿಂತು ಮಾಡಿನ ನೆತ್ತಿ ನೋಡಿದೆ, ನೇರ ಇದೆ. ಹಿಂದೆ ಅಡುಗೆಮನೆ ಮಾಡು ಬಂದು ಸೇರೋ ಮೂಲೆ ಹತ್ರ ಮಾತ್ರ ಹೆಂಚಿನ ಸಾಲು ಒಂಚೂರು ಕುಸಿದ ಹಾಗೆ ಇತ್ತು. ಆಮೇಲೆ ಅಟ್ಟ ಹತ್ತಿ ಟಾರ್ಚ್ ಆರಿಸಿ ಐದು ನಿಮಿಷ ಕತ್ತಲಲ್ಲಿ ಸುಮ್ನೆ ಕೂತೆ, ಕಣ್ಣು ಹೊಂದಿಕೊಂಡ ಮೇಲೆ ಬೆಳಕಿನ ಚುಕ್ಕೆ ಕಾಣೋಕೆ ಶುರುವಾಯ್ತು, ಹನ್ನೊಂದು ಕಡೆ. ಹೆಚ್ಚಿನವು ಮಂಗ ಓಡಾಡಿ ಒಡೆದಿದ್ದು, ಅದು ಹೆಂಚು ಬದಲಾಯಿಸಿದ್ರೆ ಮುಗೀತು. ಕೋಣೆ ಮೇಲಿನ ಮುಚ್ಚಿಗೆ ಹಲಗೆ ಮೇಲೆ ನೀರಿನ ಕಲೆ ಇದ್ದ ಕಡೆ ಎಲ್ಲಾ ಅಂಚಿಗೆ ಚಾಕ್‌ಪೀಸಲ್ಲಿ ಗೆರೆ ಎಳೆದು ತಾರೀಕು ಬರೆದು ಬಂದೆ.

ಓನರ್‌ಗೆ ಮಳೆಗೆ ಮುಂಚೆ ಮುಗಿಸೋ ಆತುರ. ನಾನು ಜೂನ್ ತನಕ ಕಾಯ್ತೀನಿ ಅಂದೆ, ಸ್ವಲ್ಪ ಬೇಜಾರು ಮಾಡ್ಕೊಂಡ್ರು. ಕಾದಿದ್ದು ಒಳ್ಳೇದಾಯ್ತು. ಜೂನ್ ಕೊನೇಲಿ ಗಾಳಿಮಳೆ ಹೊಡೀತಿದ್ದಾಗ ಹೋಗಿ ನೋಡಿದ್ರೆ ಚಾಕ್ ಗೆರೆಗಳಲ್ಲಿ ಬಹಳಷ್ಟು ಹಾಗೇ ಇದ್ವು, ಹಳೇ ಕಲೆ, ರಿಪೇರಿ ಆಗಿರೋದು. ಆ ಹಿಂದಿನ ಮೂಲೆ ಕಲೆ ಮಾತ್ರ ಗೆರೆ ದಾಟಿ ಒಂದು ಗೇಣು ಬೆಳೆದಿತ್ತು. ಎರಡು ಮಾಡು ಸೇರೋ ಕಡೆ ನೀರು ಹರಿಯೋಕೆ ಹಾಕಿರೋ ದೋಣಿ ತಗಡು ತುಕ್ಕು ಹಿಡಿದು ತೂತಾಗಿದೆ, ಅದರ ಮೇಲೆ ಸಿಲ್ವರ್ ಮರದ ಎಲೆ ಬಿದ್ದು ಗೊಬ್ಬರ ಆಗಿ ನೀರು ಹರಿಯೋಕೆ ಜಾಗ ಇಲ್ಲದೆ ಹೆಂಚಿನ ಅಡಿಗೆ ನುಗ್ಗಿ, ಪಕಾಸು, ಅಂದ್ರೆ ಮಾಡು ಹೊರೋ ಓರೆ ಮರ, ಹಿಡ್ಕೊಂಡು ಇಳಿದು ಗೋಡೆ ಮೇಲೆ ಮಲಗಿಸಿರೋ ಮರಕ್ಕೆ ಸೇರ್ತಾ ಇದೆ. ಸ್ಕ್ರೂಡ್ರೈವರ್ ಚುಚ್ಚಿದ್ರೆ ಎರಡು ಇಂಚು ಸಲೀಸಾಗಿ ಒಳಗೆ ಹೋಯ್ತು. ಬೆಣ್ಣೆ ಥರ. ಕೆಳಗಡೆ ಮಣ್ಣಿನ ಗೋಡೆ ಮುಟ್ಟಿದ್ರೆ ಕೈಗೆ ಅಂಟುತ್ತೆ.

ಅದೇ ಮಾಡಲ್ಲಿ ನಾಲ್ಕು ಹೆಜ್ಜೆ ಆಚೆ, ಒಲೆ ಮೇಲಿರೋ ಪಕಾಸು ಹೊಗೆ ಕುಡಿದು ಕಪ್ಪಗೆ ಮಿರಿಮಿರಿ ಅಂತಿದಾವೆ, ಗೆದ್ದಲು ಇಲ್ಲ, ಮರ ಕೊರೆಯೋ ಕುಟ್ಟೆ ಹುಳ ಇಲ್ಲ, ಸ್ಕ್ರೂಡ್ರೈವರ್ ತುದಿ ಜಾರುತ್ತೆ. ಎಷ್ಟು ವರ್ಷದ ಸೌದೆ ಒಲೆಯೋ, ಯಾರ್ಯಾರು ಅಡುಗೆ ಮಾಡಿದ್ರೋ, ಆ ಹೊಗೆನೇ ಮರಾನ ಕಾಪಾಡಿದೆ. ಮುಂದಿನ ಕೋಣೆಗಳ ಮೇಲೆ ಅಷ್ಟು ಅದೃಷ್ಟ ಇಲ್ಲ, ಹೆಂಚು ಕೂರಿಸೋ ರೀಪುಗಳಲ್ಲಿ ಅಲ್ಲಲ್ಲಿ ಹಿಟ್ಟು ಉದುರ್ತಿದೆ.

ಒಂದು ಹೆಂಚನ್ನ ನಮ್ಮನೆಗೆ ತಂದು ತೂಕ ಹಾಕಿದೆ, ಒಣಗಿದ್ದು 2.6 ಕೆಜಿ, ರಾತ್ರಿಯೆಲ್ಲ ಬಕೆಟಲ್ಲಿ ನೆನೆಸಿದ ಮೇಲೆ 3 ಕೆಜಿ. ಮಾಡು 130 ಚದರ ಮೀಟರ್ ಬರುತ್ತೆ, ಮೀಟರಿಗೆ ಸುಮಾರು 15 ಹೆಂಚು ಅಂದ್ರೆ 1,950, ಪೂರ್ತಿ ನೆನೆದ್ರೆ ಮರದ ಮೇಲೆ ಹೆಚ್ಚುಕಮ್ಮಿ 780 ಕೆಜಿ ಜಾಸ್ತಿ ಭಾರ. ಕಕ್ಕಡದಲ್ಲಿ, ಅಂದ್ರೆ ಆಟಿ ತಿಂಗಳಲ್ಲಿ, ಬಿಡದೇ ಸುರಿಯೋ ಮಳೇಲಿ ಆ ಮೆತ್ತಗಾದ ಮರ ಇದನ್ನ ಹೊರಬೇಕು, ಅದು ನೆನಪಾದ್ರೆ ನಿದ್ದೆ ಬರಲ್ಲ.

ಇನ್ನೊಂದು, ಹಿಂದಿನ ಸೂರಿನ ನೀರು ಬೀಳೋದು ಮನೆಗೂ ಕಡಿದ ಗುಡ್ಡಕ್ಕೂ ನಡುವೆ, ಚರಂಡಿ ಮುಚ್ಚಿಹೋಗಿದೆ. 2018ರ ಆಗಸ್ಟಲ್ಲಿ ಕೊಡಗಲ್ಲಿ ಗುಡ್ಡ ಕುಸಿದಿದ್ದು ನೋಡಿದವರಿಗೆ ಇದನ್ನ ಬಿಡಿಸಿ ಹೇಳ್ಬೇಕಾಗಿಲ್ಲ, ಮಾಡಿನ ಜೊತೆಗೆ ಅದೂ ಆಗ್ಬೇಕು.

ಹೆಂಚು ತೆಗೆದು ಶೀಟ್ ಹಾಕ್ಸಿ ಅಂತ ತುಂಬಾ ಜನ ಹೇಳ್ತಿದಾರೆ. ಖರ್ಚು ಕಮ್ಮಿ ನಿಜ, ಹಾಕಿಸಿದವರನ್ನ ತಪ್ಪು ಅನ್ನಲ್ಲ, ಆದ್ರೆ ಕೊಳೆತ ಮರ ಶೀಟಿನ ಅಡೀಲೂ ಕೊಳೆತ ಮರನೇ, ಕಾಣಲ್ಲ ಅಷ್ಟೇ.

ಮೊನ್ನೆ ಮರಗೆಲಸದ ಆಚಾರಿಯವ್ರನ್ನ ಕರ್ಕೊಂಡು ಹೋಗಿದ್ದೆ. ಅವರು ಹೆಂಚನ್ನೆಲ್ಲ ಗೆಣ್ಣಲ್ಲಿ ತಟ್ತಾ ಹೋದ್ರು, ಠಣ್ ಅಂದಿದ್ದು ಇಟ್ಕೊಳ್ಳಿ, ದಬ್ ಅಂದಿದ್ದು ಬಿಸಾಕಿ ಅಂತ. ಮುಕ್ಕಾಲು ಪಾಲು ಹೆಂಚು ಉಳಿಯುತ್ತೆ. ಆ ಮೂಲೆಯ ಆರು ಪಕಾಸು, ಗೋಡೆ ಮೇಲೆ ಮಲಗಿಸಿರೋ ಅಡಿ ಮರ ಹನ್ನೆರಡು ಅಡಿ ಉದ್ದ, ಮುಂದಿನ ರೀಪು ಪೂರ್ತಿ ಹೊಸದು ಅಂತ ಲೆಕ್ಕ ಬರೆದು ಕೊಟ್ರು. ಅದನ್ನೇ ಓನರ್ ಮುಂದೆ ಇಟ್ಟೆ. ಓದಿ ಸ್ವಲ್ಪ ಹೊತ್ತು ಮಾತಾಡ್ಲಿಲ್ಲ, ಆಮೇಲೆ ಸೆಪ್ಟೆಂಬರ್ ಶುರುವಲ್ಲಿ ಬರೋ ಕೈಲ್‌ಪೊಳ್ದ್ ಹಬ್ಬ ಕಳೆದು ಮಳೆ ಬಿಟ್ಟ ಮೇಲೆ ಮೂಲೆ ಹೆಂಚು ಇಳಿಸಿ ನೋಡಿ, ರೇಟ್ ಆಗ ಮಾತಾಡೋಣ ಅಂದ್ರು. ದೋಣಿಯ ಎಲೆ ಬಾಚಿ ತೆಗೆದು, ಮೇಲೆ ಟಾರ್ಪಲ್ ಕಟ್ಟಿ ಬಂದಿದೀನಿ.